ಮನೆ ತುಂಬಿಸಿಕೊಳ್ಳುವ ಪದ

ಹುಣಸೂರಿನ ಅಂಚಿನ ವೃದ್ಧಾಶ್ರಮದಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಪಾತ್ರೆ ಉಜ್ಜುತ್ತಲೇ ರಾಚಮ್ಮ ಪದ ಎತ್ತುತ್ತಾರೆ, ಆಯಾಗಳು ಸೊಲ್ಲು ಹಿಡಿಯುತ್ತಾರೆ. ಹೆತ್ತ ಮಕ್ಕಳ ಹೆಸರೇ ಮರೆತ ಅಜ್ಜಿಯರು ಹಾಸಿಗೆಯಲ್ಲೇ ಎದ್ದು ಕೂತು ದನಿಗೂಡಿಸುತ್ತಾರೆ.

ಭೇರ್ಯದ ಕಡೆಯ ರಾಚಮ್ಮ 1998ರಲ್ಲಿ ಇಲ್ಲಿಗೆ ಬಂದದ್ದು ಮುಸುರೆ ಕೆಲಸಕ್ಕೆ. ಊಟ ಒಲ್ಲೆನೆನ್ನುವ ಮರೆವಿನ ರೋಗಿಗಳು ಮದುವೆಯ ಸೋಬಾನೆ ಪದ ಕಿವಿಗೆ ಬಿದ್ದರೆ ಬಾಯಿ ತೆರೆಯುವುದನ್ನು ಮೊದಲು ಕಂಡವರು ಅವರೇ. ಈಗ ಮಧ್ಯಾಹ್ನದ ಹೊತ್ತು ಐವರು ಆಯಾಗಳಿಗೆ ಅವರದೇ ಪಾಠ, ಸಂಬಳ ಮಾತ್ರ ಇವತ್ತಿಗೂ ಮುಸುರೆಯದೇ. "ಕಿರುಚಬ್ಯಾಡಿ ಕಣ್ರವ್ವಾ. ಪಕ್ಕದಲ್ ಕುಂತು, ಕೈ ಇಡ್ಕಂಡು ಪದ ಅನ್ನಿ. ಅವ್ರು ನಿಂತ್ರೆ ನೀವೂ ನಿಲ್ಲಿ" ಎಂದು ತಿದ್ದುತ್ತಾರೆ.

ಕಳೆದ ಶ್ರಾವಣದಲ್ಲಿ ಹೊಸ ಆಯಾ ಭಾಗ್ಯ ಕಲಿತ ಹುರುಪಿನಲ್ಲಿ ಒಂದು ಎಡವಟ್ಟು ಮಾಡಿಕೊಂಡಳು. ಕಾಕನಕೋಟೆ ಕಡೆಯ ಮುದುಕಿ ಚಿಕ್ಕಸಿದ್ದಮ್ಮನ ಮುಂದೆ ಹೆಣ್ಣು ಒಪ್ಪಿಸುವ ಪದ ಹಾಡಿಬಿಟ್ಟಳು. ಮದುವೆ ಮುಗಿದು ಮಗಳನ್ನು ಗಂಡನ ಮನೆಗೆ ಕಳಿಸುವಾಗಿನ ಪದ ಅದು. ಮುದುಕಿ ಬಿಕ್ಕಿ ಬಿಕ್ಕಿ ಅತ್ತು, ಸೀರೆ ಗಂಟು ಕಟ್ಟಿಕೊಂಡು ಗೇಟಿಗೆ ಹೊರಟೇಬಿಟ್ಟರು. "ಗಾಡಿ ಕಟ್ಟವ್ರೆ, ಬುಡ್ರವ್ವಾ ನನ್ನ!" ಎಂದು ಒಂದೇ ಹಠ. ಹಿಂದೊಮ್ಮೆ ಹೀಗೇ ಹೊರಟು ದಾರಿ ತಪ್ಪಿದ್ದವರು. ಇನ್ನೊಮ್ಮೆ ಹೊರಟರೆ ಮಂಚಕ್ಕೆ ಕಟ್ಟಿ ಎಂದು ಮೇಲ್ವಿಚಾರಕರ ಅಪ್ಪಣೆಯಾಗಿತ್ತು. ಭಾಗ್ಯ ಅಳುತ್ತಲೇ ಹಳೆ ಸೀರೆ ಹರಿದು ತಂದಳು.

ರಾಚಮ್ಮ ಅದನ್ನು ಕಿತ್ತುಕೊಂಡರು. "ಒಪ್ಪಿಸ್ಬುಟ್ಟಿದ್ದೀಯಲ್ಲ ಕಣವ್ವಾ, ತುಂಬಿಸ್ಕಳೋರು ಬ್ಯಾಡ್ವಾ? ಎಣ್ಣು ನಡುದಾರೀಲಿ ನಿಂತದೆ."

ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟರು. ಆಯಾಗಳೆಲ್ಲ ಒಳಗೆ ನಿಂತು ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಪದ ಹೇಳಿದರು. ಚಿಕ್ಕಸಿದ್ದಮ್ಮ ಗೇಟಿನ ಸರಳು ಬಿಟ್ಟು ಮೆಲ್ಲಗೆ ತಿರುಗಿದರು. ತಲೆಗೆ ಸೆರಗು ಎಳೆದುಕೊಂಡು, ನಾಚುತ್ತ ಬಂದು, ಬಲಗಾಲಲ್ಲಿ ಸೇರು ಒದ್ದು ಒಳಬಂದರು. ಆರತಿ ಹಿಡಿದ ರಾಚಮ್ಮನನ್ನು "ಅತ್ತ್ಯಮ್ಮಾ" ಎಂದು ಕರೆದರು. ಭಾಗ್ಯ ಗೋಡೆಗೆ ಮುಖವಿಟ್ಟು ಅತ್ತಳು.

ಆ ಮುದುಕಿ ಈಗಲೂ ಸಂಜೆಯಾದರೆ ಗೇಟಿಗೆ ಹೋಗುತ್ತಾರೆ, ಪದ ಕೇಳಿ ಮರಳುತ್ತಾರೆ. ಯಾರನ್ನೂ ಮಂಚಕ್ಕೆ ಕಟ್ಟುತ್ತಿಲ್ಲ. ನಿಮಗೇನಾದರೂ ಆಸೆಯಿದೆಯೇ ಎಂದರೆ ರಾಚಮ್ಮ ಕೈ ಒರೆಸಿಕೊಳ್ಳುತ್ತಾರೆ.

"ಇನ್ನೇನಪ್ಪ ಆಸೆ? ಗಂಡ ಸತ್ತೋಳು ಅಂತ ಮದ್ವೆ ಚಪ್ಪರದ ತಾವ್ಕೂ ಕರೀತಿರ್ನಿಲ್ಲ ನನ್ನ. ಇಲ್ಲಿ ದಿನಾ ಸೊಸೆ ತುಂಬಿಸ್ಕತೀನಿ."