ಅವ್ವ ಬಚ್ಚಿಟ್ಟ ಸೊಸೆ

ವರ್ಷಗಟ್ಟಲೆ ಫೋನಿನಲ್ಲೇ ಮಾತಾಡಿ, ಕೊನೆಗೂ ನನ್ನನ್ನು ಮದುವೆಯಾಗಿ ವಿಯೆಟ್ನಾಮಿನ ಹುಡುಗಿ ಲಿನ್, ನಮ್ಮ ಹಳ್ಳಿ ಉಡಿಗಾಲದ ಮನೆಗೆ ಬಂದಿದ್ದಳು. ಅವಳು ಇಲ್ಲೇ ಉಳಿಯಲಿ ಅಂತ ಅರ್ಜಿ ಹಾಕಿದ್ದೆ. ಅವಳು ನಮ್ಮ ಮನೆಯಲ್ಲೇ ಇದ್ದಾಳಾ ಅಂತ ವಿಚಾರಿಸಲು ಪೊಲೀಸರು ಬಂದ ದಿನ ನಾನು ಗುಂಡ್ಲುಪೇಟೆಯಲ್ಲಿ ಕೆಲಸದಲ್ಲಿದ್ದೆ. ಸಂಜೆ ಮನೆಗೆ ಬಂದರೆ ಅವ್ವ ಗೆದ್ದವಳ ಹಾಗೆ ಕೂತಿದ್ದಳು.

“ಸೊಸೆನ ಎಳ್ಕೊಂಡೋಗಕ್ಕೆ ಬಂದಿದ್ರು ಕಣ್ಲಾ. ಅಟ್ಟದ ಮೇಲೆ ಬಚ್ಚಿಟ್ಟು, ಅಂತೋಳ್ಯಾರೂ ಇಲ್ಲಿಲ್ಲ ಅಂದ್ಬುಟ್ಟೆ.”

ಅಕ್ಕಪಕ್ಕದವರೂ ಅವ್ವನಿಗಾಗಿ ಅದನ್ನೇ ಹೇಳಿದ್ದರು.

ಆಮೇಲೆ ಚಾಮರಾಜನಗರದ ಪೊಲೀಸ್ ಕಚೇರಿಗೆ ಎಷ್ಟು ಅಲೆದರೂ, ಅವಳು ಈ ವಿಳಾಸದಲ್ಲಿಲ್ಲ ಅನ್ನುವ ಅವರ ವರದಿ ಬದಲಾಗಲಿಲ್ಲ. ವೀಸಾ ಮುಗಿಯಿತು, ಲಿನ್ ಹೊರಟುಹೋದಳು.

“ಯಾವಾಗ್ಲಾ ಬತ್ತಳ?” ಅಂತ ಅವ್ವ ದಿನಾ ಕೇಳುತ್ತಾಳೆ.

ಈಗ ಯಾವ ಪೊಲೀಸು ಬಂದು ವಿಚಾರಿಸಿದರೂ ಅವ್ವ ಹೇಳಿದ್ದು ಸುಳ್ಳಲ್ಲ.