ಬಿಳಿ ಗೆರೆಯ ಮುಂದಿನ ಅಂಚು

ಆ ವರ್ಷ ಎಮಿಲ್ ಹ್ರಿಬರ್‌ನ ಮಂಡಿಗಳು ಪರವೂರಿನವರ ಸೇವೆಯಲ್ಲೇ ಸವೆದುಹೋದವು. ಈರಿ ಸರೋವರದ ದಂಡೆಯ ಅವನ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಹೆರನ್ಸ್ ಹದಿನೈದು ಪಂದ್ಯ ಆಡಿ ಹದಿನೈದನ್ನೂ ಸೋತಿತ್ತು. ಎಮಿಲ್‌ಗೆ ಮೈದಾನದ ಅಂಚಿನಲ್ಲಿ ಅಳತೆಯ ಸರಪಳಿ ನೋಡಿಕೊಳ್ಳುವ ಕೆಲಸ. ಮೂವತ್ತೊಂದು ವರ್ಷದಿಂದ ಅದೇ ಕೆಲಸ.

ಚೆಂಡು ಹಿಡಿದ ತಂಡಕ್ಕೆ ನಾಲ್ಕು ಸರದಿ ಸಿಗುತ್ತದೆ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಸರದಿ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಎರಡು ಕೋಲುಗಳ ನಡುವೆ ಬಿಗಿದ ಸರಪಳಿ ಹತ್ತೇ ಗಜ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹತ್ತು ಗಜ ಗೆದ್ದವರ ಹಿಂದೆ ಸರಪಳಿಯೂ ಓಡಬೇಕು. ಊರಿನ ತಂಡ ಗೆಲ್ಲುವ ವರ್ಷ ಆ ಓಟ ಆಯಾಸವೆನಿಸುವುದಿಲ್ಲ. ಆ ವರ್ಷ ಹೆರನ್ಸ್ ಮೂರು ಸರದಿ ಎಡವಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಿತ್ತು. ಆಮೇಲೆ ಪರವೂರಿಂದ ಬಂದವರು ಚೆಂಡು ಹಿಡಿದು ಓಡುತ್ತಿದ್ದರು, ಅವರ ಹಿಂದೆ ಸರಪಳಿ ಹಿಡಿದ ಈ ಮುದುಕರು.

ಹಿಂದಿನ ಕೋಲು ಹಿಡಿಯುವ ಓಟಿಸ್ ಪೆಟ್‌ವೇ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವನು. ಇಪ್ಪತ್ತೆರಡು ವರ್ಷದಿಂದ ಎಮಿಲ್‌ನ ಪಕ್ಕದಲ್ಲಿ ನಿಂತವನು.

"ಲೋ ಎಮಿಲ್, ನನ್ನ ಬಸ್ಸು ಕೂಡ ಇಷ್ಟು ಟ್ರಿಪ್ ಹೊಡೆದಿರಲಿಲ್ಲ ಕಣೋ," ಎನ್ನುತ್ತಿದ್ದ ಓಟಿಸ್.

"ನಿನ್ನ ಬಸ್ಸು ವಾಪಸ್ಸಾದ್ರೂ ಬರ್ತಿತ್ತು," ಎನ್ನುತ್ತಿದ್ದ ಎಮಿಲ್.

ಮೂವತ್ನಾಲ್ಕು ವರ್ಷ ಎಮಿಲ್ ದುಡಿದದ್ದು ಸರೋವರದ ಅಡಿಯ ಉಪ್ಪಿನ ಗಣಿಯಲ್ಲಿ. ತಲೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ನೀರು, ಅದರ ಮೇಲೆ ಹಡಗು. ವಾರವಿಡೀ ನೆಲದಡಿ ಇದ್ದವನಿಗೆ ಭಾನುವಾರ ಬಯಲಿನಲ್ಲಿ, ಎಪ್ಪತ್ತು ಸಾವಿರ ಜನರ ನಡುವೆ ನಿಲ್ಲುವುದೇ ಒಂದು ಹಬ್ಬವಾಗಿತ್ತು. ಆದರೆ ಆ ಹಬ್ಬಕ್ಕೆ ಒಂದು ಕಟ್ಟಳೆ. ಸರಪಳಿಯವರು ಊರಿನವರೇ ಆದರೂ ಊರಿನ ಪರ ಅಲ್ಲ. ತಂಡದ ಬಣ್ಣದ ಟೋಪಿ ಹಾಕುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಮುಷ್ಟಿ ಎತ್ತುವಂತಿಲ್ಲ. ಮನಸ್ಸಿನಲ್ಲಿ ಏನೇ ಇದ್ದರೂ ಮುಖ ಮರದ ಹಲಗೆಯಂತಿರಬೇಕು. ಗೆಲುವಿನ ವರ್ಷ ನಗು ನುಂಗುವುದು ಕಷ್ಟ. ಸೋಲಿನ ವರ್ಷ ಹಲಗೆಯ ಮುಖ ತಾನಾಗಿಯೇ ಬಂದುಬಿಡುತ್ತದೆ. ಎಮಿಲ್‌ಗೆ ಅದೇ ಹೆಚ್ಚು ದಣಿವು.

ಡಿಸೆಂಬರಿನ ಕೊನೆಯ ಭಾನುವಾರ ಹದಿನಾರನೆಯ, ಕೊನೆಯ ಪಂದ್ಯ. ಇದನ್ನೂ ಸೋತರೆ ಹೆರನ್ಸ್ ಒಂದೂ ಗೆಲುವಿಲ್ಲದ ತಂಡ. ಆ ಕಳಂಕ ಕಲ್ಲಿನ ಮೇಲೆ ಕೊರೆದಂತೆ. ಮೊಮ್ಮಕ್ಕಳ ಕಾಲಕ್ಕೂ ಬೇರೆ ಊರಿನವರು ಎತ್ತಿ ಆಡುತ್ತಾರೆ. ಅರ್ಧಕ್ಕರ್ಧ ಜನ ಕಣ್ಣಿಗೆ ತೂತು ಕೊರೆದ ಕಾಗದದ ಚೀಲ ತಲೆಗೆ ಹಾಕಿಕೊಂಡು ಕೂತಿದ್ದರು, ತಮ್ಮ ಗುರುತು ಯಾರಿಗೂ ಹತ್ತಬಾರದೆಂದು. ಒಂದು ಗೆಲುವು, ಒಂದೇ ಒಂದು, ಅಷ್ಟು ಸಿಕ್ಕರೆ ಸಾಕಿತ್ತು ಊರಿಗೆ.

"ಇವತ್ತು ಮುಖ ಹಲಗೆ ಮಾಡ್ಕೊಂಡು ನಿಂತ್ಕೊ, ಆದ್ರೆ ಒಳಗೊಳಗೇ ಒಂದು ಪ್ರಾರ್ಥನೆ ಹೇಳು," ಅಂದಿದ್ದಳು ಹೆಂಡತಿ ರೋಸಲಿ, ಬೆಳಿಗ್ಗೆ ಥರ್ಮಾಸಿಗೆ ಕಾಫಿ ತುಂಬುತ್ತ.

"ಅದಕ್ಕೂ ರೂಲ್ ಇರಬಹುದು ಕಣೆ."

ಮಧ್ಯಾಹ್ನದ ಹೊತ್ತಿಗೆ ಸರೋವರದ ಕಡೆಯಿಂದ ಹಿಮ ಸುರಿಯತೊಡಗಿತು. ಗೆರೆಗಳು ಮುಚ್ಚಿದವು, ಕೆಲಸದವರು ಗುಡಿಸಿದಷ್ಟೂ ಮತ್ತೆ ಮುಚ್ಚಿದವು. ಹಿಮದಲ್ಲಿ ಪರವೂರಿನವರೂ ಎಡವಿದರು. ಅದೇ ಹೆರನ್ಸ್‌ಗೆ ವರವಾಯಿತು. ಆಟ ಮುಗಿಯಲು ಒಂದೂವರೆ ನಿಮಿಷ ಇದ್ದಾಗ ಹೆರನ್ಸ್ ಎರಡು ಅಂಕ ಮುಂದಿತ್ತು, ಚೆಂಡೂ ಅವರ ಕೈಯಲ್ಲೇ ಇತ್ತು. ಆದರೆ ಅದು ನಾಲ್ಕನೆಯ ಸರದಿ, ಇನ್ನೊಂದು ಮೊಳ ಸಾಗಬೇಕು. ಸಾಗಿದರೆ ಸುಮ್ಮನೆ ಕಾಲ ತಳ್ಳಿ ಗೆಲ್ಲಬಹುದು, ಏಕೆಂದರೆ ಬಂದವರಿಗೆ ಗಡಿಯಾರ ನಿಲ್ಲಿಸುವ ಅವಕಾಶ ಉಳಿದಿರಲಿಲ್ಲ. ಸಾಗದಿದ್ದರೆ ಅವರಿಗೆ ಮೈದಾನದ ನಡುವೆಯೇ ಚೆಂಡು ಸಿಗುತ್ತದೆ.

ಹೆರನ್ಸ್ ಒದೆಯದೆ ನುಗ್ಗಿತು. ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಆಳೆತ್ತರದ ಮಾಂಸದ ರಾಶಿಯಾಯಿತು. ಅದನ್ನು ಬಿಡಿಸಿ ಚೆಂಡು ಇಟ್ಟಾಗ ಕಣ್ಣಳತೆಯಲ್ಲಿ ಹೇಳುವಂತಿರಲಿಲ್ಲ. ಅಂಚಿನ ರೆಫ್ರಿ, ಲೈನ್ಸ್‌ಮನ್ ಕರ್ಟ್ ಬೋಡನ್ ಸರಪಳಿ ತರಲು ಕೈ ಮಾಡಿದ.

ಇಲ್ಲಿ ಎಮಿಲ್‌ನ ಕೆಲಸದ ಒಂದು ಮಾತು. ಸರಪಳಿ ಮೈದಾನದ ಅಂಚಿನಲ್ಲಿರುತ್ತದೆ, ಚೆಂಡು ನಡುವೆ. ಅಳೆಯಲು ಒಳಗೆ ಒಯ್ದಾಗ ಅದು ಮೊದಲಿದ್ದ ನೇರಕ್ಕೇ ಕೂರಬೇಕು. ಅದಕ್ಕಾಗಿ ಮೈದಾನದ ಅಡ್ಡಕ್ಕೂ ಎಳೆದ ಬಿಳಿ ಗೆರೆಗಳಲ್ಲಿ ಒಂದನ್ನು ಸರಪಳಿ ದಾಟುವ ಕಡೆ ಎಮಿಲ್ ಒಂದು ಕ್ಲಿಪ್ ಕಚ್ಚಿಸಿರುತ್ತಾನೆ. ಒಳಗೆ ಕ್ಲಿಪ್ಪನ್ನು ಅದೇ ಗೆರೆಯ ಮೇಲೆ ಇಟ್ಟರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಗೆರೆಯ ಅಗಲ ನಾಲ್ಕು ಅಂಗುಲ. ಕ್ಲಿಪ್ಪು ಯಾವಾಗಲೂ ಹಿಂದಿನ ಅಂಚಿಗೆ. ಇದು ಅವರಿಗೆ ಉಸಿರಾಟದಷ್ಟು ರೂಢಿ.

ಬೋಡನ್ ಬಗ್ಗಿ ಕ್ಲಿಪ್ಪಿನ ಬಳಿ ಸರಪಳಿ ಹಿಡಿದು ಎತ್ತಿದ. ಓಟಿಸ್ ಮತ್ತು ಮುಂದಿನ ಕೋಲಿನವನು ಒಳಗೆ ಓಡಿದರು. ಎಮಿಲ್ ಹಿಂದೆ ಹೊರಟವನು ಸರಪಳಿ ಇದ್ದ ಜಾಗ ನೋಡಿದ. ಕ್ಲಿಪ್ ಹಾಕುವಾಗ ತಾನು ಬೂಟಿನಿಂದ ಹಿಮ ಕೆರೆದ ಗುರುತು ಅಲ್ಲಿತ್ತು. ಕೆರೆದಲ್ಲಿ ಗೆರೆಯ ಮುಂದಿನ ಅಂಚು ಮಾತ್ರ ಕಾಣುತ್ತಿತ್ತು, ಅದರಾಚೆ ಹಸಿರು ಹುಲ್ಲು. ಹಿಂದಿನ ಅಂಚಿನ ಮೇಲೆ ಹಿಮ ಮುಟ್ಟದೆ ಹಾಗೇ ಕೂತಿತ್ತು.

ಮರಗಟ್ಟಿದ ಬೆರಳು, ಉರಿಯುವ ಮಂಡಿ, ಬೇಗ ಎದ್ದರೆ ಸಾಕೆಂಬ ಅವಸರ. ಕಂಡ ಅಂಚಿಗೆ ಕ್ಲಿಪ್ ಕಚ್ಚಿಸಿಬಿಟ್ಟಿದ್ದ.

ಒಳಗೆ ಬೋಡನ್ ರೂಢಿಯಂತೆ ಕ್ಲಿಪ್ಪನ್ನು ಹಿಂದಿನ ಅಂಚಿಗೆ ಇಟ್ಟ. ಅಂದರೆ ಇಡೀ ಸರಪಳಿ ನಾಲ್ಕು ಅಂಗುಲ ಹಿಂದೆ ಸರಿಯಿತು. ಮುಂದಿನ ಕೋಲು ನೆಲ ಮುಟ್ಟಿದಾಗ ಚೆಂಡಿನ ಮೂತಿ ಅದನ್ನು ದಾಟಿ ಎರಡು ಅಂಗುಲ ಮುಂದಿತ್ತು. ಜನ ಎದ್ದು ನಿಂತರು. ಕಾಗದದ ಚೀಲಗಳು ಗಾಳಿಯಲ್ಲಿ ಹಾರಿದವು. ಮುಖಗಳು ಕಂಡವು.

"ಕರ್ಟ್," ಅಂದ ಎಮಿಲ್. "ಕ್ಲಿಪ್ಪು ಮುಂದಿನ ಅಂಚಿಗೆ ಹಾಕಿದೀನಿ."

"ಏನಂದೆ?"

"ಮುಂದಿನ ಅಂಚು. ಹಿಮದಲ್ಲಿ ಕಾಣಲಿಲ್ಲ. ನನ್ನ ತಪ್ಪು. ಬೇಕಾದ್ರೆ ಹೋಗಿ ನೋಡು, ಗುರುತು ಇನ್ನೂ ಇದೆ."

ಬೋಡನ್ ಹೋಗಿ ನೋಡಿದ. ರೆಫ್ರಿಗಳು ತಲೆಗೆ ತಲೆ ಕೂಡಿಸಿದರು. ಕ್ಲಿಪ್ಪನ್ನು ಮುಂದಿನ ಅಂಚಿಗೆ ಇಟ್ಟು ಮತ್ತೆ ಅಳೆದರು. ಚೆಂಡು ಎರಡು ಅಂಗುಲ ಹಿಂದೆ ಉಳಿಯಿತು.

ಆಮೇಲಿನದು ಬೇಗ ಮುಗಿಯಿತು. ಬಂದವರು ನಾಲ್ಕು ಸರದಿಯಲ್ಲಿ ಇಪ್ಪತ್ತು ಗಜ ಸಾಗಿದರು, ಎಮಿಲ್ ಅವರ ಹಿಂದೆ ಸರಪಳಿ ಎಳೆದುಕೊಂಡು ಕುಂಟಿದ, ಕೊನೆಯ ಕ್ಷಣಕ್ಕೆ ಅವರು ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸಿದರು. ಒಂದು ಅಂಕದಿಂದ ಸೋಲು. ಹದಿನಾರಕ್ಕೆ ಹದಿನಾರು.

ಬೋಡನ್ ತಲೆಯ ಮೇಲೆ ಹಿಮದ ಉಂಡೆ, ಬಿಯರ್ ಲೋಟ ಬಿದ್ದವು. ಎಮಿಲ್‌ನನ್ನು ಯಾರೂ ನೋಡಲಿಲ್ಲ. ಸರಪಳಿಯ ಮುದುಕರನ್ನು ಯಾವಾಗಲೂ ಯಾರೂ ನೋಡುವುದಿಲ್ಲ.

ಒಳದಾರಿಯಲ್ಲಿ ಓಟಿಸ್ ಕೋಲನ್ನು ಗೋಡೆಗೆ ಒರಗಿಸಿದ. ಆಮೇಲೆ ಅಂದ, "ಎರಡು ಅಂಗುಲ ಮಾರಾಯ. ನಿನ್ನ ಬಾಯಿಗೆ ಎರಡು ಅಂಗುಲದಷ್ಟು ಬೀಗ ಇರಲಿಲ್ವಾ?"

"ಯೋಚನೆ ಮಾಡೋಕೆ ಟೈಮ್ ಸಿಕ್ಕಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ ಓಟಿಸ್. ದೇವರಾಣೆ. ಮಾತು ಹೊರಗೆ ಬಂದ್ಮೇಲೆ ಏನಂದೆ ಅಂತ ನಂಗೇ ಗೊತ್ತಾಗಿದ್ದು."

ಓಟಿಸ್ ಅವನನ್ನೇ ನೋಡಿದ. ಮೂಗಿನಲ್ಲೇ ನಕ್ಕ. "ಮೂವತ್ತೊಂದು ವರ್ಷ ನಿನ್ನ ತಲೆ ಕೆಡಿಸಿಬಿಟ್ಟಿದೆ."

ಕಾರು ನಿಲ್ಲಿಸಿದ ಬಯಲಲ್ಲಿ ಟೋನಿ ಮ್ಲಾಕರ್‌ನ ಒಲೆ ಇನ್ನೂ ಹೊಗೆಯಾಡುತ್ತಿತ್ತು. ಟೋನಿ ಎಮಿಲ್‌ನ ಬೀದಿಯವನು, ಗಣಿಯಲ್ಲಿ ಜೊತೆಗೆ ದುಡಿದವನು. ಪಂದ್ಯದ ದಿನವೆಲ್ಲ ಅಲ್ಲಿ ಹೊಗೆ ಹಾಕಿದ ಸಾಸೇಜ್ ಸುಟ್ಟು ಬಂದವರಿಗೆಲ್ಲ ತಿನ್ನಿಸುವವನು. ಸುತ್ತ ನಾಲ್ಕೈದು ಜನ ನಿಂತು ಲೈನ್ಸ್‌ಮನ್ನಿನ ಅಪ್ಪ ಅಜ್ಜಂದಿರನ್ನೆಲ್ಲ ಜಾಲಾಡುತ್ತಿದ್ದರು.

"ಕೊಟ್ಟು ಕಿತ್ಕೊಂಡ ಆ ಕುರುಡ!" ಅಂದ ಟೋನಿ. "ನೀನು ಅಲ್ಲೇ ಇದ್ಯಲ್ಲ ಎಮಿಲ್, ನೀನೇ ಹೇಳು."

ಎಮಿಲ್‌ಗೆ ಕೂರಬೇಕೆನಿಸಿತ್ತು. ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಟ್ಟು ಯಾರೊಂದಿಗೂ ಮಾತಾಡದೆ ಇರಬೇಕೆನಿಸಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಅವನದ್ದೇನೂ ಇಲ್ಲ. ಕ್ಲಿಪ್ಪು ತಪ್ಪು ಹಾಕಿದ್ದು ನಾನು. ಹೇಳಿದ್ದೂ ನಾನೇ."

ಒಬ್ಬ ಕೈಯಲ್ಲಿದ್ದ ಬಿಯರ್ ಚೆಲ್ಲಿ ತನ್ನ ಕಾರಿನ ಕಡೆ ಹೊರಟ, ಇನ್ನೊಬ್ಬ ಹಿಂಬಾಲಿಸಿದ. ಕೊನೆಗೆ ಟೋನಿ ಒಬ್ಬನೇ ಉಳಿದ. ಒಲೆಯನ್ನು ನೋಡಿದ, ಎಮಿಲ್‌ನ ಮಂಡಿ ನೋಡಿದ. ಮಡಿಸುವ ಕುರ್ಚಿಯನ್ನು ಕಾಲಿನಿಂದ ಅವನತ್ತ ತಳ್ಳಿದ. ಉಳಿದಿದ್ದ ಒಂದು ಸಾಸೇಜನ್ನು ಬ್ರೆಡ್ಡಿನಲ್ಲಿಟ್ಟು ಕೈಗೆ ಕೊಟ್ಟ.

ಎಮಿಲ್ ಕೂತು ಒಂದು ತುತ್ತು ಕಚ್ಚಿದ. "ಸಾಸಿವೆ ಸಾಸ್ ಮುಗೀತಾ?"

"ಇದೆ," ಅಂದ ಟೋನಿ. "ನಿಂಗೆ ಕೊಡಲ್ಲ."