ಅಕ್ಕ ಕಿವಿಯಲ್ಲೇ ಆಯ್ದ ತಂತ್ರಾಂಶ

ನನ್ನ ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹರಿಹರದ ಒಂದು ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಅವಳು ಸಂಗೀತದ ಟೀಚರ್. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ದಾವಣಗೆರೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೇನೆ. ಇಬ್ಬರೂ ಶಾಮನೂರಿನ ಕಡೆ ಒಂದೇ ಮನೆಯಲ್ಲಿ ಇರುತ್ತೇವೆ. ಇಷ್ಟನ್ನು ಅನುಮಾನವಿಲ್ಲದೆ ಬರೆಯಬಲ್ಲೆ. ಮುಂದಿನದಕ್ಕೆ ನನ್ನ ಡೈರಿ ಇದೆ, ನನ್ನ ನೆನಪಿದೆ, ಅಕ್ಕನ ನೆನಪಿದೆ. ಮೂರೂ ಎಲ್ಲ ಕಡೆ ಒಪ್ಪುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಈ ಕಾಲದಲ್ಲಿ ಸಿಡಿ ಯಾರಿಗೆ ಬೇಕು ಎಂದು ಕೇಳುವವರಿಗೆ ಅಕ್ಕನ ಶಾಲೆಯ ಹಾಸ್ಟೆಲ್ ತೋರಿಸಬೇಕು. ಅಲ್ಲಿ ಮಕ್ಕಳು ಫೋನ್ ಇಟ್ಟುಕೊಳ್ಳುವಂತಿಲ್ಲ. ಹನ್ನೆರಡು ಕೋಣೆಗಳಿಗೆ ಹಳೇ ವಿದ್ಯಾರ್ಥಿನಿಯೊಬ್ಬಳ ಮನೆಯವರು ಕೊಟ್ಟ ಹನ್ನೆರಡು ಸಿಡಿ ಪ್ಲೇಯರ್‌ಗಳಿವೆ. ಪೆನ್‌ಡ್ರೈವ್ ಹಾಕಲು ಅವುಗಳಲ್ಲಿ ಜಾಗವಿಲ್ಲ. ಸಂಗೀತ ಪರೀಕ್ಷೆಗೆ ಕೂರುವ ಹುಡುಗಿಯರು ಬೆಳಿಗ್ಗೆ ಎದ್ದು ಅಭ್ಯಾಸ ಮಾಡಬೇಕೆಂದರೆ ಸಿಡಿಯೇ ಗತಿ. ಕೋಣೆಗೆ ಎರಡರಂತೆ ಇಪ್ಪತ್ತನಾಲ್ಕು ಸಿಡಿ. ಒಂದರಲ್ಲಿ ಅಕ್ಕ ಹಾಡಿದ ಪಾಠ, ಇನ್ನೊಂದರಲ್ಲಿ ಬರೀ ತಬಲಾ ಠೇಕಾ, ಅಂದರೆ ಹಾಡಿಗೆ ಜೊತೆಯಾಗಿ ಸುತ್ತಿ ಸುತ್ತಿ ಬರುವ ಹದಿನಾರು ಮಾತ್ರೆಯ ತಾಳ.

ಅಲ್ಲಿಯವರೆಗೆ ಈ ಕೆಲಸ ಒಂದು ಸ್ಟುಡಿಯೋದಲ್ಲಿ ಆಗುತ್ತಿತ್ತು. ಅವರು ಮಾಡಿದ ಸಿಡಿ ಕೇಳಿದಾಗಲೆಲ್ಲ ಅಕ್ಕನಿಗೆ ಸಿಟ್ಟು. ಕೇಳದಿದ್ದರೂ ಅವಳ ದನಿಗೆ ಪ್ರತಿಧ್ವನಿ ಸೇರಿಸುತ್ತಿದ್ದರು. ಠೇಕಾದ ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಎರಡೆರಡು ಸೆಕೆಂಡು ಖಾಲಿ ಬಿಡುತ್ತಿದ್ದರು. ಹದಿನಾರನೇ ಮಾತ್ರೆ ಮುಗಿದು ಮತ್ತೆ ಒಂದಕ್ಕೆ ಬರುವ ಹೊತ್ತಿಗೆ ಸದ್ದೇ ಇರುತ್ತಿರಲಿಲ್ಲ.

“ನನ್ನನ್ನ ಬಾವಿಯಾಗ ಇಳಿಸಿ ಹಾಡ್ಸಿದಾರೆ. ತಬಲಾದವ್ನು ನಡುವೆ ನಡುವೆ ಚಾ ಕುಡ್ಯಾಕೆ ಹೋಗ್ಯಾನೆ,” ಎಂದಳು. ತನ್ನ ಸಿಡಿ ತಾನೇ ಮಾಡುತ್ತೇನೆ ಎಂದು ಶಾಲೆಯ ಹೆಡ್‌ಮಾಸ್ತರರಿಗೆ ಹೇಳಿಯೂ ಬಂದಳು. ಅವರು ಒಳ್ಳೆಯವರು, ಆದರೆ ಹೆದರಿಕೆಯ ಮನುಷ್ಯ. “ಈ ಸಲ ಮಾಡ್ರಿ ಟೀಚರ್. ಕೆಟ್ರೆ ಮಾತ್ರ ಸ್ಟುಡಿಯೋದವ್ರೇ ಕಾಯಂ. ಆಮೇಲೆ ಈ ಮಾತು ಎತ್ತಬಾರ್ದು,” ಎಂದರಂತೆ.

ಖಾಲಿ ಡಿಸ್ಕ್ ತರಲು ದಾವಣಗೆರೆ ಪೇಟೆಯ ಕಂಪ್ಯೂಟರ್ ಅಂಗಡಿಗೆ ಇಬ್ಬರೂ ಹೋದೆವು. ಸಿಡಿ ಬರೆಯಲು ಯಾವ ತಂತ್ರಾಂಶ ಹಾಕಿಕೊಳ್ಳಬೇಕು ಎಂದು ನಾನು ಕೇಳಿದೆ. ಅಂಗಡಿಯವರು ದನಿ ತಗ್ಗಿಸಿ, “ಪುಗಸಟ್ಟೆವು ಬ್ಯಾಡ್ರಿ ಮೇಡಂ, ಅದಕ್ಕೆ ಭರೋಸಾ ಇರಲ್ಲ. ದೊಡ್ಡ ಕಂಪನಿದು ಐತೆ, ಕಾಪಿ ಮಾಡಿ ಕೊಡ್ತೀನಿ. ಏನೋ ಚೂರು ಕೊಡ್ರಿ,” ಎಂದರು.

“ಕದ್ದ ಮಾಲಿಗೆ ದುಡ್ಡು ಕೊಟ್ರೆ ಭರೋಸಾ ಬಂದ್‌ಬಿಡ್ತದೇನಣ್ಣ?” ಎಂದಳು ಅಕ್ಕ.

ಅವರು ಜೋರಾಗಿ ನಕ್ಕರು. ಡಿಸ್ಕುಗಳ ಮೇಲೆ ಮಡಚುವ ರಟ್ಟಿನ ಕವರುಗಳ ಒಂದು ಕಟ್ಟು ಹೆಚ್ಚಿಗೆ ಇಟ್ಟು ಕಳಿಸಿದರು.

ಮನೆಗೆ ಬಂದು ನಾನು ಐದು ಉಚಿತ ತಂತ್ರಾಂಶಗಳನ್ನು ಇಳಿಸಿಕೊಂಡೆ. ಅದು ಭಾನುವಾರ ಎಂದು ನನ್ನ ನೆನಪು. ಡೈರಿಯಲ್ಲಿ ಮಂಗಳವಾರ ಎಂದಿದೆ, ಯಾವುದೋ ರಜೆ ಇದ್ದಿರಬೇಕು. ನಾನು ಗ್ರಂಥಾಲಯದವಳಲ್ಲವೇ, ಕಾಗದದ ಮೇಲೆ ಪಟ್ಟಿ ಮಾಡಿದೆ. ಯಾವುದರ ತೆರೆ ಚೆಂದವಿದೆ, ಯಾವುದಕ್ಕೆ ಜನ ಹೆಚ್ಚು ಸ್ಟಾರ್ ಕೊಟ್ಟಿದ್ದಾರೆ, ಯಾವುದರಲ್ಲಿ ಡಿವಿಡಿಯೂ ಆಗುತ್ತದೆ ಎಂದೆಲ್ಲ ಬರೆದು ಅಕ್ಕನಿಗೆ ಓದಿ ಹೇಳಿದೆ. ಮೊದಲ ಸ್ಥಾನ ಕೊಟ್ಟದ್ದು ಕಪ್ಪು ಹಿನ್ನೆಲೆಯ ಮೇಲೆ ಕಿತ್ತಳೆ ಬಣ್ಣದ ಚಿತ್ರಗಳಿದ್ದ ಒಂದಕ್ಕೆ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೈ ಚಾಚಿ, ತಡಕಿ, ಮಾನಿಟರಿನ ಗುಂಡಿ ಒತ್ತಿ ಅದನ್ನು ಆರಿಸಿಬಿಟ್ಟಳು.

“ಈಗ ಇಬ್ರಿಗೂ ಒಂದೇ. ಕೂತ್ಕೋ,” ಎಂದಳು.

ಅವಳ ಕಂಪ್ಯೂಟರಿನಲ್ಲಿ ತೆರೆಯ ಮೇಲಿರುವುದನ್ನು ಓದಿ ಹೇಳುವ ಒಂದು ತಂತ್ರಾಂಶವಿದೆ. ಅದೂ ಉಚಿತವೇ. ಅವಳು ಮೌಸ್ ಮುಟ್ಟುವುದಿಲ್ಲ, ಕೀಲಿಮಣೆಯಲ್ಲೇ ಒಂದೊಂದು ಜಾಗಕ್ಕೂ ಹೋಗುತ್ತಾಳೆ. ಹೋದಲ್ಲಿ ಏನಿದೆ ಎಂದು ದನಿ ಹೇಳುತ್ತದೆ. ನಾನು ಮೊದಲ ಸ್ಥಾನ ಕೊಟ್ಟಿದ್ದ ತಂತ್ರಾಂಶವನ್ನು ತೆರೆದಳು. ದನಿ ಹೇಳಿತು: “ಬಟನ್. ಬಟನ್. ಬಟನ್. ಬಟನ್.”

ಮಾಡಿದವರು ಚಿತ್ರ ಬಿಡಿಸಿದ್ದರು, ಹೆಸರು ಬರೆದಿರಲಿಲ್ಲ.

“ಇದು ನಮ್ಮ ಸೋದರಮಾವನ ಜಾತಿದು. ಏನು ಕೇಳಿದ್ರೂ ಒಂದೇ ಉತ್ತರ. ಮುಂದಿನದು ತೆಗಿ,” ಎಂದಳು.

ಎರಡನೆಯದು ಒಳಗೆ ಬರುವಾಗಲೇ ತನ್ನ ಜೊತೆ ಇನ್ನೂ ಎರಡು ಬೇಡದ ಸಾಮಾನು ತಂದು ಕೂರಿಸಿತು. ಕಣ್ಣಿದ್ದ ನಾನು ಅವಸರದಲ್ಲಿ ಒಪ್ಪಿಗೆ ಒತ್ತಿಬಿಟ್ಟಿದ್ದೆ. ಒಂದೊಂದು ಸಾಲನ್ನೂ ಕೇಳಿಯೇ ಮುಂದೆ ಹೋಗುವ ಅವಳಾಗಿದ್ದರೆ ಆ ಒಪ್ಪಿಗೆಯ ಟಿಕ್‌ಗಳನ್ನು ತೆಗೆದುಬಿಡುತ್ತಿದ್ದಳು. ಮೂರನೆಯದು ಉಚಿತ ಎಂದು ಹೇಳಿಕೊಂಡು ಹದಿನೈದು ದಿನದ ಗಡುವು ಹಾಕಿತು. ನಾಲ್ಕನೆಯದು ಚೆನ್ನಾಗಿ ಮಾತಾಡಿತು, ಆದರೆ ಹಾಡುಗಳ ನಡುವಿನ ಎರಡು ಸೆಕೆಂಡನ್ನು ತೆಗೆಯಲು ಬಿಡಲಿಲ್ಲ. ಐದನೆಯದಕ್ಕೆ ನಾನು ಕೊನೆಯ ಸ್ಥಾನ ಕೊಟ್ಟಿದ್ದೆ. ಹಳೇ ಕಾಲದ ಬೂದು ಬಣ್ಣದ ಕಿಟಕಿ, ಒಂದೂ ಚಿತ್ರವಿಲ್ಲ. ಅದು ತನ್ನ ಪ್ರತಿಯೊಂದು ಗುಂಡಿಯ ಹೆಸರನ್ನೂ ಹೇಳಿತು. ಆಡಿಯೋ ಸಿಡಿಯೋ, ಬರೀ ಫೈಲುಗಳೋ ಎಂದು ಕೇಳಿತು. ನಡುವಿನ ಖಾಲಿ ಎಷ್ಟು ಎಂದು ಕೇಳಿತು. ಅಕ್ಕ ಸೊನ್ನೆ ಒತ್ತಿದಳು. ಬರೆದಾದ ಮೇಲೆ ಸರಿಯಾಗಿದೆಯೋ ಎಂದು ತಾನೇ ಪರೀಕ್ಷಿಸಿ, ಶೇಕಡಾ ಎಷ್ಟಾಯಿತೆಂದು ಎಣಿಸಿ ಹೇಳಿತು.

ಟ್ರೇ ತೆರೆದ ಸದ್ದಾಯಿತು. ಅಕ್ಕ ಬಿಸಿಯಾಗಿದ್ದ ಡಿಸ್ಕನ್ನು ತಾನೇ ತೆಗೆದು ಪ್ಲೇಯರಿಗೆ ಹಾಕಿದಳು. ಠೇಕಾ ಹದಿನಾರು ಮುಗಿಸಿ ಒಂದಕ್ಕೆ ಬಂತು, ಮತ್ತೆ ಬಂತು, ಎಲ್ಲೂ ನಿಲ್ಲಲಿಲ್ಲ. ಅವಳು ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದಳು. ನನಗೆ ಅಂದು ಬಂದ ಹೆಮ್ಮೆಯನ್ನು ಡೈರಿಯಲ್ಲಿ ಎರಡು ಪುಟ ಬರೆದಿದ್ದೇನೆ. ಈಗ ಓದಿದರೆ ಅದರಲ್ಲಿ ಅರ್ಧ ಪುಟ ನಾನು ಮಾಡಿದ ಸಹಾಯದ ವರ್ಣನೆ. ಮಾನಿಟರ್ ಆರಿಸಿದ ಮೇಲೆ ನಾನು ಮಾಡಿದ ಸಹಾಯ ಯಾವುದು ಎಂದು ಅದರಲ್ಲಿಲ್ಲ.

ಒಂದು ಸಹಾಯ ಮಾತ್ರ ನಿಜವಾಗಿ ಮಾಡಿದೆ. ಯಾವ ಡಿಸ್ಕ್ ಯಾವ ಕೋಣೆಯದು ಎಂದು ಅಕ್ಕನಿಗೆ ಮುಟ್ಟಿದರೆ ತಿಳಿಯಬೇಕಲ್ಲ, ಅದಕ್ಕೆ ಪ್ರತಿಯೊಂದರ ಮೇಲೂ ಬ್ರೈಲ್ ಅಂಕೆ ಇರಲಿ ಎಂದಾಯಿತು. ಆ ಸಲಹೆ ಅವಳದೇ ಎಂದು ಅಕ್ಕ ಹೇಳುತ್ತಾಳೆ, ನನ್ನದೆಂದು ನನ್ನ ನೆನಪು. ಚುಚ್ಚಿದವಳಂತೂ ನಾನೇ. ನನಗೆ ಬ್ರೈಲ್ ಅಷ್ಟಿಷ್ಟು ಬರುತ್ತದೆ. ಅಕ್ಕ ಬರೆದು, ಕೇಳಿ, ಸರಿಯಿದೆ ಎಂದು ಪಕ್ಕಕ್ಕಿಟ್ಟ ಸಿಡಿಗಳನ್ನು ಒಂದೊಂದಾಗಿ ತೆಗೆದುಕೊಂಡು, ಮೇಲ್ಬದಿಯಲ್ಲಿ, ನಡುವಿನ ತೂತಿನ ಹತ್ತಿರ ಬಣ್ಣ ಶುರುವಾಗುವಲ್ಲಿ, ಬ್ರೈಲ್ ಚುಚ್ಚುವ ಉಕ್ಕಿನ ಮೊನೆಯಿಂದ ಒತ್ತಿ ಅಂಕೆ ಹಾಕಿದೆ. ಮೊದಮೊದಲು ಮೆಲ್ಲಗೆ ಒತ್ತಿದ್ದೆ. “ಬೆರಳಿಗೆ ಸಿಗವಲ್ದು, ಗಟ್ಟಿ ಒತ್ತು,” ಎಂದಳು. ಉಳಿದವಕ್ಕೆ ಗಟ್ಟಿಯಾಗಿ ಒತ್ತಿದೆ. ಆ ವರ್ಷದ ಎಲ್ಲ ಪಾಠಗಳನ್ನು ಮನೆಯಲ್ಲಿಡಲೆಂದು ಅವಳು ಮಾಡಿದ್ದ ಮೂರು ಡಿವಿಡಿಗಳಿಗೂ ಹಾಗೆಯೇ ಅಂಕೆ ಹಾಕಿದೆ.

ಶುಕ್ರವಾರ ಸಿಡಿಗಳು ಅವಳ ಚೀಲದಲ್ಲಿ ಬಸ್ಸಿನಲ್ಲಿ ಹರಿಹರಕ್ಕೆ ಹೋದವು. ಶನಿವಾರ ಸಂಜೆ ಹೆಡ್‌ಮಾಸ್ತರರ ಫೋನ್.

“ಟೀಚರ್, ಒಂಬತ್ತು ಸಿಡಿ ಹಾಡಂಗಿಲ್ರಿ. ಕೆಲವು ಎಗರ್ತಾವೆ, ನಾಲ್ಕನ್ನಂತೂ ಪ್ಲೇಯರ್ರು ಒಪ್ಪವಲ್ದು. ಪರೀಕ್ಷೆ ಹತ್ರ ಬಂತು. ಸ್ಟುಡಿಯೋಕ್ಕೆ ಹೇಳ್ಲೇನ್ರಿ?”

“ಸೋಮವಾರದ ತಂಕ ತಡೀರಿ ಸರ್. ಕೆಟ್ಟವನ್ನ ಮಾತ್ರ ಕಳ್ಸಿ ಕೊಡ್ರಿ,” ಎಂದಳು. ಅವಳ ದನಿ ಬದಲಾಗಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಹಾರ್ಮೋನಿಯಂ ಮುಚ್ಚಿಟ್ಟಳು.

ನಾನು ಆಗ ಹೇಳಿದ ಮಾತು ಡೈರಿಯಲ್ಲಿದೆ, ಇಲ್ಲ ಎನ್ನಲಾರೆ. “ಫ್ರೀದು ಅಂದ್ರೆ ಇಷ್ಟೇ ಅಕ್ಕ. ದುಡ್ಡು ಕೊಟ್ಟು ಒಳ್ಳೇದು ತಗೊಳ್ಳಾಣ. ಇಲ್ಲಾಂದ್ರೆ ಸ್ಟುಡಿಯೋದವ್ರೇ ಮಾಡ್ಲಿ ಬಿಡು, ನಿಂಗ್ಯಾಕ ಈ ಕಷ್ಟ?”

“ಕಷ್ಟ ಅಂತ ನಾ ಹೇಳಿದ್ನೇನು?” ಎಂದಳು.

ಮರುದಿನ ಮಧ್ಯಾಹ್ನ ಶಾಲೆಯ ಜವಾನರು ಒಂಬತ್ತು ಸಿಡಿ ತಂದುಕೊಟ್ಟು ಹೋದರು. ಅಕ್ಕ ಅವುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡಳು.

“ನನ್ನ ಕೈಯಾಗಿದ್ದಾಗ ಹಾಡ್ಯಾವೆ. ಹರಿಹರದಾಗ ಹಾಡಿಲ್ಲ. ನಡುವೆ ಏನಾತು?”

“ಬಸ್ಸಿನ ಕುಲುಕಾಟ ಇರ್ಬೇಕು.”

“ಹಂಗಾದ್ರೆ ಇಪ್ಪತ್ನಾಲ್ಕೂ ಕೆಡಬೇಕಿತ್ತು. ಬಸ್ಸು ಆರಿಸಿ ಕುಲುಕುತ್ತೇನು?”

ಹೆಚ್ಚಿಗೆ ಮಾಡಿ ಮನೆಯಲ್ಲೇ ಇಟ್ಟಿದ್ದ ಎರಡು ಸಿಡಿಗಳನ್ನು ನನ್ನಿಂದ ತರಿಸಿ ಹಾಕಿದಳು. ಎರಡೂ ಹಾಡಿದವು. ಅವಕ್ಕೆ ನಾನು ಅಂಕೆ ಹಾಕಿರಲಿಲ್ಲ. ಮೂರು ಡಿವಿಡಿಗಳನ್ನು ಕಂಪ್ಯೂಟರಿಗೆ ಹಾಕಿದಳು. ಮೂರೂ ಸರಿಯಿದ್ದವು. ಆಮೇಲೆ ಕೆಟ್ಟ ಒಂಬತ್ತರ ಮೇಲೂ ತೋರುಬೆರಳು ಆಡಿಸಿದಳು. ಏಳನೆಯದಕ್ಕೆ ಬರುವಷ್ಟರಲ್ಲಿ ಅವಳ ಬೆರಳು ನಿಧಾನವಾಯಿತು.

“ಇವು ಓದಾಕೆ ಬಾಳ ಚೆಂದ ಅದಾವೆ. ಚೆಂದ ಬರ್ದಿರೋವೇ ಸತ್ತಾವೆ ನೋಡು. ಒಂದನ್ನ ತಗೊಂಡು ಕಿಟಕಿ ಹತ್ರ ಬೆಳಕಿಗೆ ಹಿಡಿ.”

ಹಿಡಿದೆ. ಬೆಳ್ಳಿ ಬಣ್ಣದ ಪದರದಲ್ಲಿ, ನಾನು ಒತ್ತಿದ ಒಂದೊಂದು ಚುಕ್ಕಿಯಲ್ಲೂ ಸೂಜಿಮೊನೆಯಷ್ಟು ಬೆಳಕು ಆಚೆಯಿಂದ ಬಂತು. ನಾನೇ ಬರೆದ ಅಂಕೆ, ಹೊಳೆಯುತ್ತಿತ್ತು. ಡಿವಿಡಿ ಹಿಡಿದೆ, ಚುಕ್ಕಿಯಲ್ಲಿ ಬೆಳಕು ತೂರಲಿಲ್ಲ. ಸಿಡಿಯಲ್ಲಿ ಹಾಡು ಬರೆಯುವ ಪದರ ಮೇಲ್ಮೈಯ ಬಣ್ಣದ ಕೆಳಗೇ ಇರುತ್ತದೆ, ಡಿವಿಡಿಯಲ್ಲಿ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಭದ್ರವಾಗಿರುತ್ತದೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅಕ್ಕ ಓದದೆಯೇ ಅಲ್ಲಿಗೆ ಬಂದಿದ್ದಳು.

ಅವಳು ಬೈಯುತ್ತಾಳೆ ಎಂದು ಕಾದೆ. “ತಂತ್ರಾಂಶದ್ದು ತಪ್ಪಿಲ್ಲ,” ಎಂದಳು ಮೊದಲು. ಅದನ್ನು ಎಷ್ಟು ಸಂತೋಷದಿಂದ ಹೇಳಿದಳೆಂದರೆ, ತಪ್ಪು ಯಾರದೆಂಬ ಮಾತು ಅವಳಿಗೆ ಹೊಳೆಯಲೇ ಇಲ್ಲವೇನೋ ಅನಿಸಿತು. ಆಮೇಲೆ ನಕ್ಕಳು. “ನಿನ್ನ ಅಕ್ಷರ ದುಂಡಗಿಲ್ಲ ಅಂತ ಸಾಲಿಯಾಗ ಹೊಡಿತಿದ್ರು. ಈಗ ಛಲ ತೀರಿಸ್ಕೊಂಡಿ.”

ಸಂಜೆಯೊಳಗೆ ಇಪ್ಪತ್ತನಾಲ್ಕನ್ನೂ ಹೊಸದಾಗಿ ಮಾಡಿದಳು. ಸತ್ತಿರದವೂ ಯಾವತ್ತಾದರೂ ಸಾಯಬಹುದು ಎಂದು ಅವನ್ನೂ ಬಿಡಲಿಲ್ಲ. ಈ ಸಲ ರಟ್ಟಿನ ಕವರಿನ ಮೇಲೆ ಅಂಕೆ ಚುಚ್ಚಿ, ಆಮೇಲೆ ಡಿಸ್ಕನ್ನು ಒಳಗೆ ಸೇರಿಸಿದಳು. ಎರಡನ್ನೂ ಅವಳೇ ಮಾಡಿದಳು. ನನಗೆ ಸಿಕ್ಕ ಕೆಲಸ ಕವರ್ ಮಡಚುವುದು.

ಸೋಮವಾರ ನಾನೂ ರಜೆ ಹಾಕಿ ಹರಿಹರಕ್ಕೆ ಹೋದೆ. ಹೆಡ್‌ಮಾಸ್ತರರು ಸಂಗೀತದ ಕೋಣೆಗೇ ಪ್ಲೇಯರ್ ತರಿಸಿದ್ದರು. ಪರೀಕ್ಷೆಗೆ ಕೂರುವ ಹುಡುಗಿಯರು ಚಾಪೆಯ ಮೇಲೆ ಕೂತಿದ್ದರು. ಒಂದೆರಡು ಹಾಕಿ ನೋಡಿದರೆ ಸಾಕು ಎಂದರು ಅವರು. ಅಕ್ಕ, “ಬ್ಯಾಡ್ರಿ ಸರ್, ಎಲ್ಲಾನೂ ಹಾಕ್ರಿ. ಮಕ್ಕಳು ಹೆಂಗಿದ್ರೂ ಹಾಡಬೇಕಲ್ಲ,” ಎಂದಳು.

ಒಂದೊಂದೇ ಹಾಕಿದರು. ಪ್ರತಿ ಠೇಕಾ ಶುರುವಾದಾಗಲೂ ಹುಡುಗಿಯರು ತಾಳದ ಒಂದು ಸುತ್ತು ಹಾಡಿ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಬಂದು ನಿಲ್ಲುತ್ತಿದ್ದರು. ಹತ್ತನೇ ಸಿಡಿಯ ಹೊತ್ತಿಗೆ ಹೆಡ್‌ಮಾಸ್ತರರ ಕಾಲೂ ತಾಳ ಹಾಕತೊಡಗಿತ್ತು. ಇಪ್ಪತ್ತನಾಲ್ಕೂ ಹಾಡಿದವು. ಎಲ್ಲಕ್ಕೂ ಮುಖ ಎತ್ತಿ ಕೂತಿದ್ದ ಅಕ್ಕನನ್ನು ನೋಡುತ್ತ ನನಗಾದ ಹೆಮ್ಮೆಯಲ್ಲಿ ನನ್ನ ಪಾಲು ಸೇರಿಸಿ ಹೇಳಲು ಏನೂ ಇರಲಿಲ್ಲ. ಹಾಗಾಗಿಯೇ ಅದು ದೊಡ್ಡದಾಗಿತ್ತೋ ಏನೋ.

“ಸ್ಟುಡಿಯೋದ ಮಾತು ಬಿಟ್ಟೆ ಟೀಚರ್. ಇನ್ನು ಮ್ಯಾಲೆ ನೀವೇ ಮಾಡ್ರಿ,” ಎಂದರು ಹೆಡ್‌ಮಾಸ್ತರರು. “ಆದ್ರೆ ಅವತ್ತು ಯಾಕ ಕೆಟ್ಟಿದ್ವು?”

“ಡಿಸ್ಕಿನ ಮ್ಯಾಲೆ ಚುಚ್ಚಿ ಬರೀಬಾರ್ದಿತ್ತು ಸರ್. ಬರ್ದಿದ್ವಿ,” ಎಂದಳು ಅಕ್ಕ.

ಆಗ ನಾನು ಮುಂದೆ ಬಂದು, “ಅಕ್ಕ ಅಲ್ಲ ಸರ್, ಚುಚ್ಚಿದ್ದು ನಾನು,” ಎಂದು ಹೇಳಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಅವರ ಮುಖ ಕೂಡ ನೆನಪಿದೆ.

ಇಲ್ಲಿಯವರೆಗೆ ಬರೆದದ್ದನ್ನು ಮೊನ್ನೆ ಅಕ್ಕನಿಗೆ ಓದಿ ಹೇಳಿದೆ. ಇಲ್ಲಿಗೆ ಬಂದಾಗ ಅವಳು ತಡೆದಳು.

“ನೀ ಎಲ್ಲಿ ಹೇಳಿದಿ? ಸರ್ ‘ಯಾಕ ಕೆಟ್ಟಿದ್ವು’ ಅಂದ ಕೂಡ್ಲೆ ನಿನ್ನ ಚಪ್ಲಿ ಸಪ್ಳ ಬಾಗಿಲ ಕಡೆ ಹೋತು. ವರಾಂಡದಾಗ ನಿಂತು ಕೆಮ್ಮಿದಿ.”

ಡೈರಿ ತೆಗೆದು ನೋಡಿದೆ. ಇಪ್ಪತ್ತನಾಲ್ಕೂ ಹಾಡಿದವು ಎಂದಿದೆ. ಹೆಡ್‌ಮಾಸ್ತರರ ಪ್ರಶ್ನೆಯೂ ಇದೆ, ಅಕ್ಕನ ಉತ್ತರವೂ ಇದೆ. ನಾನು ಹೇಳಿದ್ದು ಇಲ್ಲ. ಅಂಥ ಮಾತು ಹೇಳಿದ್ದರೆ ಬರೆದುಕೊಳ್ಳದೆ ಬಿಡುವವಳಲ್ಲ ನಾನು. ಅವಳ ಕಿವಿಯನ್ನೇ ನಂಬಬೇಕಾಯಿತು.

“ಹಂಗಾದ್ರೆ ನಾಳೆ ನಿನ್ನ ಜೊತಿ ಬರ್ತೀನಿ. ಸರ್‌ಗೆ ಹೇಳಿಬಿಡ್ತೀನಿ,” ಎಂದೆ.

“ಬಾ, ಹೇಳು. ಅವ್ರಿಗೂ ನಗಾಕೆ ಏನಾದ್ರೂ ಬೇಕು,” ಎಂದಳು ಅಕ್ಕ. ಆಗಲೇ ಅವಳು ಈ ವರ್ಷದ ಮೊದಲ ಡಿಸ್ಕನ್ನು ಟ್ರೇಗೆ ಹಾಕಿ ತಳ್ಳಿಯಾಗಿತ್ತು. “ಈಗ ಕವರ್ ಮಡಚು.”